ಲಿವರ್‌ನ ಕಪ್ಪು ಮಚ್ಚೆಯೆಲ್ಲ ಕ್ಯಾನ್ಸರ್ ಅಲ್ಲ

ಕೋಲ್ಕತ್ತಾದ ಸೆಕ್ಟರ್ 5ರಲ್ಲಿ ಕೋಡ್ ಬರೆಯುವ ನನಗೆ ಸಿಟಿ ಸ್ಕ್ಯಾನ್ ಎಂದರೆ ಅಂಕಿಗಳ ಚಿತ್ರ: ನೀರಿಗೆ 0, ಗಾಳಿಗೆ ಮೈನಸ್ 1000, ಆರೋಗ್ಯವಂತ ಲಿವರ್‌ಗೆ ಸುಮಾರು 60. ಲಿವರ್‌ನಲ್ಲಿ ಟಿಬಿ ಗಂಟಾದರೆ ಅಲ್ಲಿ ಅಂಕಿ ಇಳಿದು ಕಪ್ಪು ಮಚ್ಚೆ ಕಾಣುತ್ತದೆ. ಕಾಂಟ್ರಾಸ್ಟ್ ಕೊಟ್ಟಾಗ ಅಂಚು ಬೆಳ್ಳಗಾಗಬಹುದು. ಆದರೆ ಹರಡಿದ ಕ್ಯಾನ್ಸರ್, ಅಮೀಬಾದ ಕೀವುಗಡ್ಡೆಗಳೂ ಹಾಗೇ ಕಾಣಬಲ್ಲವು. ಆ ಕೀವುಗಡ್ಡೆಗೆ 1912ರಲ್ಲಿ ಇದೇ ಊರಲ್ಲಿ ಲಿಯೊನಾರ್ಡ್ ರೋಜರ್ಸ್ ಎಮೆಟಿನ್ ಚುಚ್ಚುಮದ್ದು ಬಳಸಿದರು. ಟಿಬಿಯ ಮದ್ದೇ ಬೇರೆ.

ಹಾಗಾಗಿ ಸ್ಕ್ಯಾನ್ ರಿಪೋರ್ಟ್ ನೋಡಿದೊಡನೆ ‘ಕ್ಯಾನ್ಸರ್’ ಎಂದು ಎದೆಗುಂದಬೇಡಿ. ಸೂಜಿ ಎಲ್ಲಿಗೆ ಹಾಕಬೇಕೆಂದು ಸಿಟಿ ತೋರಿಸುತ್ತದೆ. ರೋಗ ಯಾವುದೆಂದು ಬಯಾಪ್ಸಿ, ಕಲ್ಚರ್, ಸಿಬಿನಾಟ್ ಪರೀಕ್ಷೆಗಳು ಹೇಳುತ್ತವೆ. ಟಿಬಿ ಎಂದಾದರೆ ಸರ್ಕಾರಿ ಮಾತ್ರೆ ಉಚಿತ. ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ತಪ್ಪದೆ ನುಂಗಬೇಕು. ಗುಣವಾಗುವ ಕಾಯಿಲೆ ಅದು.