ಚಾಲಕನ ಕೈ, ಕಣ್ಣು ಮತ್ತು ಕಾರಿನ ಸ್ಟೀರಿಯೊ

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಹಾಡಿನ ದನಿಯನ್ನು ತಗ್ಗಿಸಲೆಂದು ಚಾಲಕನು ಎರಡೇ ಸೆಕೆಂಡುಗಳ ಕಾಲ ದೃಷ್ಟಿಯನ್ನು ಸ್ಟೀರಿಯೊದ ಕಡೆಗೆ ಹೊರಳಿಸಿದರೂ, ಅಷ್ಟರಲ್ಲಿ ಕಾರು 33 ಮೀಟರುಗಳಷ್ಟು ದೂರವನ್ನು ನೋಡುವವರಿಲ್ಲದೆಯೇ ಕ್ರಮಿಸಿರುತ್ತದೆ. ವೇಗವು ಗಂಟೆಗೆ 100 ಕಿಲೋಮೀಟರ್ ಆಗಿದ್ದರೆ ಈ ದೂರವು ಸುಮಾರು 56 ಮೀಟರಿಗೆ ಏರುತ್ತದೆ. ಮುಂಬಯಿ, ಪುಣೆಗಳಿಂದ ಹಬ್ಬಕ್ಕೋ ಮದುವೆ-ಮುಂಜಿಗೋ ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿಗಳ ಹಾದಿಯಾಗಿ ಊರಿಗೆ ಹೊರಡುವ ಕನ್ನಡಿಗ ಕುಟುಂಬಗಳು ಗಮನಿಸಬೇಕಾದ ಲೆಕ್ಕವಿದು. ದೀರ್ಘ ಪ್ರಯಾಣದಲ್ಲಿ ಸಂಗೀತವು ಬೇಸರವನ್ನು ಕಳೆಯುವುದು ನಿಜ. ಆದರೆ ಸಂಗೀತದ ಯಂತ್ರವು ಚಾಲಕನ ಕಣ್ಣನ್ನು ರಸ್ತೆಯಿಂದ ಕಸಿಯಬಾರದು.

ಸ್ಟಿಯರಿಂಗ್ ಚಕ್ರದ ಮೇಲೆ ಒತ್ತುಗುಂಡಿಗಳನ್ನು ಅಳವಡಿಸಿರುವುದು ಇದೇ ಕಾರಣಕ್ಕಾಗಿ. ದನಿಯ ಏರಿಳಿತ, ಹಾಡಿನ ಬದಲಾವಣೆ, ಫೋನಿನ ಕರೆಯ ಸ್ವೀಕಾರ ಇವೆಲ್ಲವೂ ಹೆಬ್ಬೆರಳಿನ ತುದಿಯಲ್ಲಿಯೇ ನಡೆಯುತ್ತವೆ. ಆದರೆ ಕಾರಿನೊಡನೆ ಬಂದ ಸ್ಟೀರಿಯೊವನ್ನು ತೆಗೆದು, ದೊಡ್ಡ ಪರದೆಯ ಹೊಸ ಸ್ಟೀರಿಯೊವನ್ನು ಅಂಗಡಿಯಲ್ಲಿ ಹಾಕಿಸಿಕೊಂಡ ಅನೇಕರ ಕಾರುಗಳಲ್ಲಿ ಈ ಗುಂಡಿಗಳು ಅಂದಿನಿಂದಲೇ ನಿರ್ಜೀವವಾಗುತ್ತವೆ. ಹೊಸ ಸ್ಟೀರಿಯೊಗೆ ಅವು ಹೊಂದುವುದಿಲ್ಲವೆಂಬ ಉತ್ತರವನ್ನು ಕೇಳಿ ಮಾಲೀಕರು ಸುಮ್ಮನಾಗುವುದುಂಟು. ವಾಸ್ತವವಾಗಿ ಬಹುಪಾಲು ಕಾರುಗಳಲ್ಲಿ ಅವನ್ನು ಮತ್ತೆ ಬಳಕೆಗೆ ತರಲು ಸಾಧ್ಯವಿದೆ.

ಗುಂಡಿಗಳ ಭಾಷೆ

ಚಕ್ರದ ಮೇಲೆ ಆರು ಗುಂಡಿಗಳಿದ್ದರೂ ಹಿಂದಿನಿಂದ ಹೊರಡುವ ತಂತಿಗಳು ಅನೇಕ ಕಾರುಗಳಲ್ಲಿ ಎರಡು ಅಥವಾ ಮೂರು ಮಾತ್ರ. ಒಂದೇ ತಂತಿಯು ಇಷ್ಟೊಂದು ಆಜ್ಞೆಗಳನ್ನು ಹೇಗೆ ಸಾಗಿಸುತ್ತದೆ? ಬಾಗಿಲು ತಟ್ಟುವ ಬಗೆಯಿಂದಲೇ ಬಂದವರು ಯಾರೆಂದು ಮನೆಯವರು ತಿಳಿಯುವಂತೆ, ಸ್ಟೀರಿಯೊ ಗುಂಡಿಯನ್ನು ವಿದ್ಯುತ್ತಿನ ಪ್ರಮಾಣದಿಂದ ಗುರುತಿಸುತ್ತದೆ. ಪ್ರತಿಯೊಂದು ಗುಂಡಿಗೂ ಬೇರೆ ಬೇರೆ ಪ್ರಮಾಣದ ರೋಧಕವನ್ನು ಜೋಡಿಸಿರುತ್ತಾರೆ.

ಉದಾಹರಣೆಗೆ, ಸ್ಟೀರಿಯೊದ ಒಳಗಿನಿಂದ 5 ವೋಲ್ಟ್ ವಿದ್ಯುತ್ತು 1000 ಓಮ್ ರೋಧಕದ ಮೂಲಕ ಈ ತಂತಿಗೆ ಬರುತ್ತಿದೆ ಎಂದು ಭಾವಿಸೋಣ. ಒತ್ತಿದ ಗುಂಡಿಯ ರೋಧವು 250 ಓಮ್ ಆಗಿದ್ದರೆ ತಂತಿಯಲ್ಲಿ 1 ವೋಲ್ಟ್ ಉಳಿಯುತ್ತದೆ. 1000 ಓಮ್ ಆಗಿದ್ದರೆ 2.5 ವೋಲ್ಟ್, 4000 ಓಮ್ ಆಗಿದ್ದರೆ 4 ವೋಲ್ಟ್. ಒಂದು ವೋಲ್ಟ್ ಕಂಡಾಗ ದನಿಯನ್ನು ಏರಿಸಬೇಕು, ಎರಡೂವರೆ ಕಂಡಾಗ ತಗ್ಗಿಸಬೇಕು ಎಂಬ ಪಾಠವನ್ನು ಸ್ಟೀರಿಯೊಗೆ ಒಮ್ಮೆ ಕಲಿಸಿಟ್ಟರೆ ಸಾಕು. ಕಾರಿನ ತಯಾರಕರು ಬಳಸುವ ಪ್ರಮಾಣಗಳು ಒಂದೊಂದು ಮಾದರಿಗೆ ಒಂದೊಂದಾಗಿರುವುದರಿಂದಲೇ ಹೊಸ ಸ್ಟೀರಿಯೊ ತಾನಾಗಿಯೇ ಗುಂಡಿಗಳನ್ನು ಅರ್ಥಮಾಡಿಕೊಳ್ಳಲಾರದು.

ಇನ್ನು ಕೆಲವು ಕಾರುಗಳಲ್ಲಿ ವ್ಯವಸ್ಥೆಯೇ ಬೇರೆ. ಅಲ್ಲಿ ಗುಂಡಿಯ ಆಜ್ಞೆಯು ಮೊದಲು ಕಾರಿನ ಒಳಗಿನ ಗಣಕವೊಂದನ್ನು ತಲುಪಿ, ಸಂಖ್ಯೆಗಳ ಸಂದೇಶವಾಗಿ ಮಾರ್ಪಟ್ಟು, ಹೆಣೆದುಕೊಂಡ ಎರಡು ತಂತಿಗಳ ಜಾಲದಲ್ಲಿ ಸಂಚರಿಸುತ್ತದೆ. ಜರ್ಮನಿಯ ಬಾಷ್ ಸಂಸ್ಥೆಯು 1986ರಲ್ಲಿ ಪ್ರಕಟಪಡಿಸಿದ ಈ ಪದ್ಧತಿಗೆ ‘ಕ್ಯಾನ್’ ಎಂದು ಹೆಸರು. ಎಂಜಿನ್, ಬ್ರೇಕುಗಳ ವಿಭಾಗಗಳೂ ಇಂತಹ ಜಾಲಗಳಲ್ಲಿಯೇ ಸಂಭಾಷಿಸುವುದರಿಂದ, ಇಲ್ಲಿ ಊಹೆಯಿಂದ ತಂತಿ ಕತ್ತರಿಸುವುದು ಸಲ್ಲದು. ಈ ಸಂದೇಶವನ್ನು ಓದಿ ಹೊಸ ಸ್ಟೀರಿಯೊಗೆ ಭಾಷಾಂತರಿಸಿ ಕೊಡುವ ಪುಟ್ಟ ಪೆಟ್ಟಿಗೆಯೊಂದು ಬೇಕಾಗುತ್ತದೆ. ಅದನ್ನು ಅಂಗಡಿಗಳಲ್ಲಿ ಅಡಾಪ್ಟರ್ ಅಥವಾ ಕ್ಯಾನ್ ಬಾಕ್ಸ್ ಎಂದು ಕರೆಯುತ್ತಾರೆ.

ಜೋಡಣೆಯ ಕ್ರಮ

ಕೊಳ್ಳುವ ಮುನ್ನವೇ ಸ್ಟೀರಿಯೊದಲ್ಲಿ ಈ ಸೌಲಭ್ಯವಿದೆಯೇ ಎಂದು ವಿಚಾರಿಸಬೇಕು. ಆಂಡ್ರಾಯ್ಡ್ ಸ್ಟೀರಿಯೊಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ‘ಕೀ 1’, ‘ಕೀ 2’ ಎಂದು ಬರೆದ ತಂತಿಗಳಿರುತ್ತವೆ. ಪಯೋನಿಯರ್‌ನ ಅನೇಕ ಮಾದರಿಗಳಲ್ಲಿ 3.5 ಮಿಲಿಮೀಟರಿನ ರಿಮೋಟ್ ರಂಧ್ರವೂ, ಕೆನ್‌ವುಡ್‌ನ ಅನೇಕ ಮಾದರಿಗಳಲ್ಲಿ ಹಳದಿ ಗೆರೆಯ ತಿಳಿನೀಲಿ ತಂತಿಯೂ ಈ ಕೆಲಸಕ್ಕೆ ಮೀಸಲು. ಇಂತಹವುಗಳಿಗೆ ಹೆಚ್ಚಾಗಿ ಅಡಾಪ್ಟರ್ ಬೇಕಾಗುತ್ತದೆ.

ಹೊಸ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಹಳದಿ ತಂತಿಯು ಬ್ಯಾಟರಿಯಿಂದ ನಿರಂತರ ವಿದ್ಯುತ್ತಿಗೂ, ಕೆಂಪು ತಂತಿಯು ಕೀಲಿ ತಿರುಗಿಸಿದಾಗ ಮಾತ್ರ ಬರುವ ವಿದ್ಯುತ್ತಿಗೂ, ಕಪ್ಪು ತಂತಿಯು ಅರ್ಥಿಂಗ್‌ಗೂ ಮೀಸಲಾಗಿರುತ್ತವೆ. ಕೆಂಪು ತಂತಿಗೆ ಸದಾಕಾಲ ವಿದ್ಯುತ್ತು ಕೊಟ್ಟರೆ ನಿಲ್ಲಿಸಿದ ಕಾರಿನ ಬ್ಯಾಟರಿ ಬರಿದಾದೀತು. ಹಳದಿ ತಂತಿಗೆ ನಿರಂತರ ವಿದ್ಯುತ್ತು ದೊರೆಯದಿದ್ದರೆ ಸ್ಟೀರಿಯೊ ತಾನು ಕಲಿತದ್ದನ್ನು ಮರೆಯಬಹುದು. ಕಾರಿನ ಮೂಲ ತಂತಿಗಳನ್ನು ಕತ್ತರಿಸಿ ಟೇಪು ಸುತ್ತುವುದಕ್ಕಿಂತ, ಆ ಮಾದರಿಗೆಂದೇ ದೊರೆಯುವ ಕಪ್ಲರನ್ನು ಬಳಸುವುದು ಮೇಲು. ಮುಂದೆ ಹಳೆಯ ಸ್ಟೀರಿಯೊವನ್ನು ಮರಳಿ ಹಾಕಬೇಕೆಂದರೂ ಸುಲಭ. ವಾರಂಟಿಯ ವಿವಾದಕ್ಕೂ ಆಸ್ಪದ ಕಡಿಮೆ.

ತಂತಿಗಳು ಕೂಡಿದ ಮೇಲೆ ಪಾಠ ಕಲಿಸುವ ಕೆಲಸ. ಕಾರನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಸ್ಟೀರಿಯೊದ ಸ್ಟಿಯರಿಂಗ್ ವಿಭಾಗವನ್ನು ತೆರೆದು, ಚಕ್ರದ ಮೇಲಿನ ಒಂದು ಗುಂಡಿಯನ್ನು ಒತ್ತಿಹಿಡಿದು, ಅದರಿಂದ ಆಗಬೇಕಾದ ಕೆಲಸವನ್ನು ಪರದೆಯ ಮೇಲೆ ಆರಿಸಬೇಕು. ಹೀಗೆ ಒಂದೊಂದಾಗಿ ಎಲ್ಲ ಗುಂಡಿಗಳನ್ನೂ ಪರಿಚಯಿಸಿದ ಬಳಿಕ, ಎಂಜಿನ್ ನಿಂತಿರುವಾಗಲೂ ನಡೆಯುತ್ತಿರುವಾಗಲೂ, ಹೆಡ್‌ಲೈಟ್ ಹಾಕಿಯೂ ಪರೀಕ್ಷಿಸಬೇಕು. ದನಿ ಏರಿಸಲು ಹೋದರೆ ಹಾಡು ಬದಲಾಗುವಂತಿದ್ದರೆ, ಮೊದಲು ಅರ್ಥಿಂಗಿನ ಬಿಗಿಯನ್ನು ನೋಡತಕ್ಕದ್ದು. ಸಡಿಲವಾದ ಜೋಡಣೆಯು ತಾನೇ ಒಂದು ರೋಧಕವಾಗಿ ವರ್ತಿಸಿ ಲೆಕ್ಕವನ್ನು ಕೆಡಿಸುತ್ತದೆ.

ಮುಟ್ಟಬಾರದ ಸ್ಥಳ

ಈ ಇಡೀ ಕೆಲಸವನ್ನು ಡ್ಯಾಶ್‌ಬೋರ್ಡಿನಲ್ಲಿ, ಸ್ಟೀರಿಯೊದ ಹಿಂಬದಿಯ ಕಪ್ಲರಿನಲ್ಲಿಯೇ ಮುಗಿಸಬೇಕು. ಮೊದಲಿನಿಂದಲೂ ಗುಂಡಿಗಳಿರುವ ಕಾರಿನಲ್ಲಿ ಸ್ಟಿಯರಿಂಗ್ ಚಕ್ರವನ್ನು ಬಿಚ್ಚುವ ಅಗತ್ಯವೇ ಸಾಮಾನ್ಯವಾಗಿ ಇರುವುದಿಲ್ಲ. ಏಕೆಂದರೆ ಚಕ್ರದ ನಡುವೆ ಏರ್‌ಬ್ಯಾಗ್ ಇದೆ. ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಅಪಘಾತವಾದಾಗ ಅದು ಕಣ್ಣೆವೆ ಮುಚ್ಚಿ ತೆರೆಯುವಷ್ಟರೊಳಗೆ ಉಬ್ಬಿ ಚಾಲಕನನ್ನು ಕಾಯುತ್ತದೆ. ಆದರೆ ಅಜಾಗರೂಕತೆಯಿಂದ ಬಿಚ್ಚುವಾಗ ಅದೇ ಚೀಲ ಸಿಡಿದರೆ ಮುಖ, ಕಣ್ಣು, ಕೈಗಳಿಗೆ ತೀವ್ರವಾದ ಗಾಯವಾದೀತು. ಏರ್‌ಬ್ಯಾಗಿನ ತಂತಿಗಳ ಕಪ್ಲರುಗಳು ಸಾಮಾನ್ಯವಾಗಿ ಹಳದಿ ಬಣ್ಣದವು. ಅವುಗಳಿಗೆ ಮಲ್ಟಿಮೀಟರನ್ನಾಗಲಿ ಪರೀಕ್ಷಾ ದೀಪವನ್ನಾಗಲಿ ತಾಗಿಸಲೇಬಾರದು. ಅಳತೆಯ ಉಪಕರಣದಿಂದ ಹರಿಯುವ ಅಲ್ಪ ವಿದ್ಯುತ್ತು ಕೂಡ ಅದನ್ನು ಸಿಡಿಸಬಲ್ಲದು.

ತಿರುಗುವ ಚಕ್ರಕ್ಕೂ ತಿರುಗದ ಕಂಬಕ್ಕೂ ನಡುವೆ ಕ್ಲಾಕ್ ಸ್ಪ್ರಿಂಗ್ ಎಂಬ ಸುರುಳಿಯಾಕಾರದ ಪಟ್ಟಿಯಿದೆ. ಗುಂಡಿ, ಹಾರ್ನ್, ಏರ್‌ಬ್ಯಾಗ್‌ಗಳ ಸಂಪರ್ಕವೆಲ್ಲ ಬಹುತೇಕ ಕಾರುಗಳಲ್ಲಿ ಇದರ ಮೂಲಕವೇ ಸಾಗುತ್ತದೆ. ಚಕ್ರವನ್ನು ಬಿಚ್ಚಿ ಮರಳಿ ಕೂರಿಸುವಾಗ ಸುರುಳಿಯ ಮಧ್ಯಸ್ಥಾನ ತಪ್ಪಿದರೆ, ಮುಂದೆ ಚಕ್ರವನ್ನು ಪೂರ್ತಿ ತಿರುಗಿಸಿದಾಗ ಅದು ಹರಿಯುತ್ತದೆ. ಗುಂಡಿಗಳೂ ಹಾರ್ನೂ ಒಟ್ಟಿಗೆ ನಿಂತು, ಏರ್‌ಬ್ಯಾಗಿನ ದೀಪವು ಆರದೆ ಉಳಿದರೆ, ದೋಷವು ಹೆಚ್ಚಾಗಿ ಈ ಪಟ್ಟಿಯದು. ಆಗ ತಯಾರಕರ ಅಧಿಕೃತ ಕಾರ್ಯಾಗಾರಕ್ಕೆ ತಡಮಾಡದೆ ಹೋಗಬೇಕು. ಆ ದೀಪ ಉರಿಯುತ್ತಿರುವ ಕಾರಿನಲ್ಲಿ ಅಪಘಾತದ ವೇಳೆ ಏರ್‌ಬ್ಯಾಗ್ ತೆರೆಯುವ ಭರವಸೆಯಿಲ್ಲ.

ಗುಂಡಿಗಳೇ ಇಲ್ಲದ ಕಾರಿಗೆ ಗುಂಡಿಗಳಿರುವ ಬೇರೆ ಚಕ್ರವನ್ನು ಹಾಕಿಸುವ ಆಸೆಯೂ ಕೆಲವರಿಗಿರುತ್ತದೆ. ಅದಕ್ಕೆ ಏರ್‌ಬ್ಯಾಗನ್ನು ಕಳಚುವುದು ಅನಿವಾರ್ಯವಾದುದರಿಂದ ಅದು ಅಂಗಡಿಯ ಮುಂದಿನ ರಸ್ತೆಬದಿಯಲ್ಲಿ ಮಾಡುವ ಕೆಲಸವಲ್ಲ.

ಕೊನೆಯದಾಗಿ

ದೆಹಲಿಯ ಕರೋಲ್ ಬಾಗ್ ಆಗಲಿ, ಚೆನ್ನೈಯ ಜನರಲ್ ಪ್ಯಾಟರ್ಸ್ ರಸ್ತೆಯಾಗಲಿ, ಕಾರಿನ ಸಾಮಗ್ರಿಗಳ ಮಾರುಕಟ್ಟೆಗೆ ಹೋದವರು ಪರದೆಯ ಗಾತ್ರಕ್ಕಿಂತ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು: ಚಕ್ರದ ಗುಂಡಿಗಳು ಕೆಲಸ ಮಾಡುವುವೇ? ತಂತಿ ಕತ್ತರಿಸದೆ ಜೋಡಿಸುವ ಕಪ್ಲರ್ ಇದೆಯೇ? ರಿವರ್ಸ್ ಕ್ಯಾಮೆರಾ, ಎಚ್ಚರಿಕೆಯ ಸದ್ದು ಮೊದಲಾದವು ಹಾಗೆಯೇ ಉಳಿಯುವುವೇ? ಹಣ ಕೊಡುವ ಮೊದಲು ಪ್ರತಿಯೊಂದು ಗುಂಡಿಯನ್ನೂ ಹಾರ್ನನ್ನೂ ಒತ್ತಿ ನೋಡಬೇಕು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪವು ಹೊತ್ತಿ, ಕೆಲವು ಕ್ಷಣಗಳಲ್ಲಿ ಆರುವುದನ್ನೂ ಕಣ್ಣಾರೆ ಕಾಣಬೇಕು.

ಕರೆ ಸ್ವೀಕರಿಸುವ ಗುಂಡಿಯ ವಿಷಯದಲ್ಲಿ ಸಂಯಮ ಅಗತ್ಯ. ಚಾಲನೆಯ ವೇಳೆ ಕೈಯಲ್ಲಿ ಹಿಡಿದ ಫೋನಿನ ಬಳಕೆಯನ್ನು ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿಯು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ. ಗುಂಡಿಯು ಕೈಯನ್ನು ಚಕ್ರದ ಮೇಲೆ ಉಳಿಸುತ್ತದೆಯೇ ಹೊರತು ಮನಸ್ಸನ್ನು ರಸ್ತೆಯ ಮೇಲೆ ಉಳಿಸುವುದಿಲ್ಲ. ದೀರ್ಘವಾದ ಮಾತುಕತೆಯಿದ್ದಲ್ಲಿ ವಾಹನವನ್ನು ಸುರಕ್ಷಿತವಾದ ಸ್ಥಳದಲ್ಲಿ ನಿಲ್ಲಿಸಿ ಮಾತನಾಡುವುದೇ ಲೇಸು.