ಚುಕ್ಕಿಗಳಲ್ಲಿ ಮೂಡುವ ಕನ್ನಡ

ಬಂಗಾರಪೇಟೆಯಂಥ ಜಂಕ್ಷನ್ನಿನಲ್ಲಿ ಸಂಜೆಯ ಗಾಡಿಗಾಗಿ ಕಾದು ನಿಂತವರ ಕಣ್ಣಿಗೆ ಎರಡು ಬಗೆಯ ಅಕ್ಷರಗಳು ಬೀಳುತ್ತವೆ. ಹಳದಿ ಹಲಗೆಯ ಮೇಲೆ ಕಪ್ಪು ಬಣ್ಣದಿಂದ ಬರೆದ ಊರಿನ ಹೆಸರು ಒಂದು. ಕರಿಯ ಫಲಕದ ಮೇಲೆ ಕಿಡಿಗಳಂತೆ ಹೊತ್ತಿ, ಕ್ಷಣಕಾಲ ನಿಂತು, ಆರಿಹೋಗುವ ಬೆಳಕಿನ ಬರಹ ಇನ್ನೊಂದು. ಮೊದಲನೆಯದು ಕುಂಚದ ಅಕ್ಷರ, ಎರಡನೆಯದು ಚುಕ್ಕಿಯ ಅಕ್ಷರ. ಈ ಎರಡನೆಯದರ ಸ್ವರೂಪವೇನು, ಅದರಲ್ಲಿ ನಮ್ಮ ಕನ್ನಡದ ಪಾಡೇನು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಿಸೋಣ.

ಚುಕ್ಕಿಯಿಂದ ಆಕೃತಿಯನ್ನು ಮೂಡಿಸುವ ವಿದ್ಯೆ ನಮಗೆ ಹೊಸದಲ್ಲ. ಹೊಸಿಲ ಮುಂದೆ ರಂಗೋಲಿ ಇಡುವ ಹೆಣ್ಣುಮಕ್ಕಳು ‘ಹದಿನೈದು ಚುಕ್ಕಿ, ಎಂಟರವರೆಗೆ ಸಂದುಚುಕ್ಕಿ’ ಎಂದು ಎಣಿಸಿಕೊಂಡೇ ಎಳೆ ಎಳೆಯುತ್ತಾರೆ. ಆದರೆ ಒಂದು ವ್ಯತ್ಯಾಸವುಂಟು. ರಂಗೋಲಿಯಲ್ಲಿ ಚುಕ್ಕಿಯು ಗೆರೆಗೆ ದಾರಿ ತೋರಿಸುತ್ತದೆ. ಗೆರೆ ಅದನ್ನು ಬಳಸಿಯೋ ಕೂಡಿಸಿಯೋ ಸಾಗುತ್ತದೆ. ವಿದ್ಯುತ್ ಫಲಕದಲ್ಲಿ ಗೆರೆಯೆಂಬುದೇ ಇಲ್ಲ. ಅಡ್ಡಸಾಲು, ನಿಲುಸಾಲುಗಳಲ್ಲಿ ಸಮದೂರಕ್ಕೆ ಕೂರಿಸಿದ ಪುಟ್ಟ ದೀಪಗಳುಂಟು. ಕೆಲವು ಹೊತ್ತುತ್ತವೆ, ಕೆಲವು ಹೊತ್ತುವುದಿಲ್ಲ. ಹೊತ್ತಿದವನ್ನು ಕೂಡಿಸಿ ಗೆರೆಯಾಗಿ ಕಾಣುವ ಕೆಲಸ ನೋಡುವವನ ಕಣ್ಣಿನದು. ದೀಪಗಳಾದರೂ ಸಾಮಾನ್ಯವಾಗಿ ಎಲ್ಲವೂ ಒಮ್ಮೆಗೇ ಹೊತ್ತುವುದಿಲ್ಲ. ಸಾಲುಸಾಲಾಗಿ ಸರದಿಯ ಮೇಲೆ ಹೊತ್ತಿ ಆರುತ್ತವೆ. ಆ ಸರದಿ ಅತಿ ಶೀಘ್ರವಾದುದರಿಂದ ಇಡೀ ಅಕ್ಷರ ಸ್ಥಿರವಾಗಿ ನಿಂತಂತೆ ತೋರುತ್ತದೆ.

ಈ ಚುಕ್ಕಿಜಾಲದ ಬಹು ಪರಿಚಿತವಾದ ಹಳೆಯ ಅಳತೆ ಅಗಲಕ್ಕೆ 5, ಎತ್ತರಕ್ಕೆ 7. ಒಟ್ಟು 35 ಚುಕ್ಕಿ. ರೋಮನ್ ಲಿಪಿಯ ದೊಡ್ಡಕ್ಷರಗಳೂ ಅಂಕಿಗಳೂ ಇಷ್ಟರಲ್ಲಿ ಅಡಗುತ್ತವೆ. ಅವುಗಳಲ್ಲಿ ನೆಟ್ಟಗೆರೆ, ಅಡ್ಡಗೆರೆಗಳೇ ಹೆಚ್ಚು. ಅವು ಒಂದರ ಪಕ್ಕಕ್ಕೆ ಒಂದು ನಿಲ್ಲುತ್ತವೆಯೇ ಹೊರತು ಒಂದರ ಕೆಳಗೆ ಒಂದು ಕೂರುವುದಿಲ್ಲ. ಕನ್ನಡದ ಪ್ರಕೃತಿ ಬೇರೆ. ನಮ್ಮ ಅಕ್ಷರಗಳ ದುಂಡುತನಕ್ಕೆ ಓಲೆಗರಿ ಮತ್ತು ಕಂಟಗಳ ಪ್ರಭಾವವನ್ನು ಕಾರಣವಾಗಿ ಹೇಳುವುದುಂಟು. ಕಾರಣವೇನೇ ಇರಲಿ, ಆ ದುಂಡು ಚುಕ್ಕಿಯ ಚೌಕಟ್ಟಿಗೆ ಬಂದೊಡನೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ಅದಕ್ಕಿಂತ ತೊಡಕಾದುದು ನಮ್ಮ ಅಕ್ಷರಗಳ ಸೂಕ್ಷ್ಮ ಭೇದ. ರಕಾರದ ಹೊಟ್ಟೆಯಲ್ಲಿ ಒಂದು ಚುಕ್ಕಿ ಇಟ್ಟರೆ ಅದು ಠಕಾರ. ಪಕಾರದ ಒಳಗೆ ಒಂದು ಗೀರು ಬಂದರೆ ಷಕಾರ. ದಕಾರಕ್ಕೂ ಧಕಾರಕ್ಕೂ ನಡುವೆ ಇರುವುದು ಒಂದು ಸೀಳು ಮಾತ್ರ. ಮೂವತ್ತೈದು ಚುಕ್ಕಿಗಳ ಮನೆಯಲ್ಲಿ ಇಂಥ ಸೂಕ್ಷ್ಮಕ್ಕೆ ಎಡೆಯೆಲ್ಲಿ?

ನಿಜವಾದ ಇಕ್ಕಟ್ಟು ಅಗಲದ್ದಲ್ಲ, ಎತ್ತರದ್ದು. 1894ರಲ್ಲಿ ಚಿನ್ನದ ಗಣಿಗಳಿಗಾಗಿ ಹಾಕಿದ ಕವಲುದಾರಿಯ ಎರಡು ತುದಿಗಳ ಹೆಸರುಗಳನ್ನೇ ತೆಗೆದುಕೊಳ್ಳಿ. ಈ ತುದಿ ‘ಬಂಗಾರಪೇಟೆ’. ಇದರಲ್ಲಿ ಒಂದೂ ಒತ್ತಕ್ಷರವಿಲ್ಲ. ಏತ್ವವೂ ದೀರ್ಘವೂ ಮೇಲಕ್ಕೆ, ಪಕ್ಕಕ್ಕೆ ಚಾಚುತ್ತವೆ. ಆ ತುದಿ ‘ಮಾರಿಕುಪ್ಪಂ’. ಇಲ್ಲಿ ರಿಕಾರದ ಗುಡಿಸು ತಲೆಯ ಮೇಲೆ, ಕುಕಾರದ ಕೊಂಬು ಬಲಕ್ಕೆ, ಪಕಾರದ ಒತ್ತು ಪಾದದ ಕೆಳಗೆ. ಅಕ್ಷರದ ಒಡಲಿಗೆ ಎಂಟು ಸಾಲು, ತಲೆಯ ಚಿಹ್ನೆಗಳಿಗೆ ಮೂರು, ಒತ್ತಿಗೆ ಐದು ಎಂದು ಎಣಿಸಿದರೂ ಹದಿನಾರಾಯಿತು. ಏಳು ಸಾಲಿನ ಫಲಕದಲ್ಲಿ ಬಂಗಾರಪೇಟೆಯನ್ನು ಹೇಗೋ ತಿಣುಕಿ ಬರೆದೇವು, ಮಾರಿಕುಪ್ಪಂ ತಲುಪಲಾರೆವು.

ಒಮ್ಮೆ ಒಂದು ಪೇಟೆಬೀದಿಯ ಒಡವೆ ಅಂಗಡಿಯ ಮುಂದೆ ಇಂಥ ಬೆಳಕಿನ ಬರಹ ಹರಿಯುತ್ತಿತ್ತು. ಕೆಳಸಾಲುಗಳು ಸಾಲದೆ ಒತ್ತು ಕತ್ತರಿಸಿಹೋಗಿ ‘ಚಿನ್ನ’ವು ‘ಚಿನ’ವಾಗಿತ್ತು. ನೂರು ವರ್ಷಕ್ಕೂ ಮಿಗಿಲಾಗಿ ನೆಲದಾಳದಿಂದ ಚಿನ್ನವನ್ನೆತ್ತಿ, 2001ರ ಫೆಬ್ರವರಿ 28ರಂದು ಗಣಿ ಮುಚ್ಚುವುದನ್ನು ಕಂಡ ಸೀಮೆ ನಮ್ಮದು. ಆ ಗಣಿಗಳಿಗಾಗಿ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ತು ಹರಿದು ಬಂದ ಸೀಮೆ. ಇಲ್ಲಿಯವನಿಗೆ ಆ ಮುರುಕು ಅಕ್ಷರ ಚುಚ್ಚಿದರೆ ಆಶ್ಚರ್ಯವಿಲ್ಲ. ‘ಚಿನ’ ಎಂಬುದನ್ನು ಊಹೆಯಿಂದ ತಿದ್ದಿಕೊಳ್ಳಬಹುದು. ಆದರೆ ಒತ್ತು ಹೋದರೆ ‘ಹಳ್ಳಿ’ಯು ‘ಹಳಿ’ಯಾಗುತ್ತದೆ, ‘ಮಗ್ಗ’ವು ‘ಮಗ’ನಾಗುತ್ತದೆ, ‘ಕತ್ತೆ’ಯು ‘ಕತೆ’ಯಾಗುತ್ತದೆ. ಒತ್ತು ಕನ್ನಡದಲ್ಲಿ ಅಲಂಕಾರವಲ್ಲ, ಅರ್ಥ.

ತೊಡಕಿಗೆ ಇನ್ನೊಂದು ಮುಖವೂ ಉಂಟು. ಯುನಿಕೋಡ್ ಎಂಬ ಸಂಕೇತ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿದೆ. ಅದರಲ್ಲಿ ‘ಪ್ಪ’ ಎಂಬುದು ಪಕಾರ, ಅರ್ಧಾಕ್ಷರದ ಚಿಹ್ನೆ, ಮತ್ತೆ ಪಕಾರ ಎಂದು ಮೂರು ಸಂಕೇತಗಳಾಗಿ ಶೇಖರವಾಗುತ್ತದೆ. ಇವನ್ನು ಕೂಡಿಸಿ, ಎರಡನೆಯ ಪಕಾರವನ್ನು ಒತ್ತಾಗಿ ಕೆಳಗಿಳಿಸುವುದು ಯಂತ್ರಕ್ಕೆ ಕಲಿಸಬೇಕಾದ ವ್ಯಾಕರಣ. ಅದನ್ನು ಕಲಿಯದ ಫಲಕ ಅಕ್ಷರಗಳನ್ನು ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲಿಸಿಬಿಡುತ್ತದೆ. ಆಗ ಚುಕ್ಕಿ ಎಷ್ಟಿದ್ದರೂ ಫಲವಿಲ್ಲ.

ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಕೇಳಿಬರುವ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಈ ವಿಚಾರಕ್ಕೆ ವಿಶೇಷ ಮಹತ್ತ್ವವಿದೆ. ತಮಿಳು ಲಿಪಿ ಒತ್ತನ್ನು ಕೆಳಗೆ ಬರೆಯುವುದಿಲ್ಲ; ವ್ಯಂಜನದ ತಲೆಯ ಮೇಲೆ ‘ಪುಳ್ಳಿ’ ಎಂಬ ಚುಕ್ಕಿಯನ್ನಿಟ್ಟು ಮುಂದಕ್ಕೆ ಸಾಗುತ್ತದೆ. ತೆಲುಗಿನ ಕಷ್ಟ ನಮ್ಮ ಕಷ್ಟವೇ. ಉರ್ದುವಿನ ನಸ್ತಾಲಿಕ್ ಬರಹ ಪದಪದಕ್ಕೂ ಓರೆಯಾಗಿ ಇಳಿಯುವುದರಿಂದ ಅದರ ಪಾಡು ಇನ್ನೂ ಕಷ್ಟ. ಮನೆಮಾತು ಬೇರೆಯಾಗಿ, ಕನ್ನಡವನ್ನು ಶಾಲೆಯಲ್ಲಿ ಕಲಿಯುವ ಹುಡುಗನಿಗೆ ಬೀದಿಯ ಫಲಕವೂ ಒಂದು ಪಾಠಪುಸ್ತಕ. ಅಲ್ಲಿ ಕಂಡ ಮುರುಕು ರೂಪವನ್ನು ತಿದ್ದಿ ಓದಲು ಅವನಿಗೆ ನಮಗಿರುವ ಅಭ್ಯಾಸಬಲವಿಲ್ಲ.

ಹಾಗಾದರೆ ಚುಕ್ಕಿಯ ಅಕ್ಷರ ಕನ್ನಡಕ್ಕೆ ಒಗ್ಗದೆಂದು ಕೈಬಿಡಬೇಕೆ? ಹಾಗೆ ಹೇಳುವುದು ತಪ್ಪು. 1985ರಲ್ಲಿ ಅಮೆರಿಕದಲ್ಲಿ ಜುಜಾನಾ ಲಿಚ್ಕೊ ಎಂಬ ವಿನ್ಯಾಸಕಾರ್ತಿ ಕಂಪ್ಯೂಟರ್ ಪರದೆಯ ಒರಟು ಚೌಕಗಳಿಗಾಗಿ ರೋಮನ್ ಅಕ್ಷರಮಾಲೆಗಳನ್ನು ರಚಿಸಿದರು. ಹಳೆಯ ಅಚ್ಚುಮೊಳೆಯ ರೂಪವನ್ನು ಚೌಕಗಳಿಗೆ ತುರುಕದೆ, ಆ ಚೌಕಗಳಲ್ಲಿ ಯಾವ ರೂಪ ಚೆನ್ನಾಗಿ ನಿಂತೀತೆಂದು ಹೊಸದಾಗಿ ಯೋಚಿಸಿದರು. ಇಂದು ಚುಕ್ಕಿಯ ಅಕ್ಷರ ಫಲಕದಿಂದಿಳಿದು ಪುಸ್ತಕದ ಹೊದಿಕೆಗೂ ಭಿತ್ತಿಪತ್ರಕ್ಕೂ ಬಂದಿದೆ. ಯಾವ ಬಾಗನ್ನಾದರೂ ನುಣುಪಾಗಿ ಅಚ್ಚುಮಾಡಬಲ್ಲ ಕಾಲದಲ್ಲಿಯೂ ಕಲಾವಿದರು ಅದನ್ನು ಅದರ ಚೆಲುವಿಗಾಗಿ ಆರಿಸಿಕೊಳ್ಳುತ್ತಾರೆ. ಕನ್ನಡಕ್ಕೂ ಅಂಥ ಸ್ವತಂತ್ರ ವಿವೇಚನೆ ಬೇಕು. ಯಾವ ಬಾಗನ್ನು ಉಳಿಸಬೇಕು, ಯಾವುದನ್ನು ಸರಳಗೊಳಿಸಬಹುದು, ಒತ್ತನ್ನು ಎಷ್ಟು ಕಿರಿದಾಗಿಸಿದರೂ ಗುರುತು ಸಿಕ್ಕೀತು ಎಂಬುದನ್ನು ಕನ್ನಡ ಬಲ್ಲವರೇ ನಿರ್ಧರಿಸಬೇಕು. ಸಾಮಗ್ರಿಗೆ ಬಡತನವಿಲ್ಲ. ಅಂಗಡಿಬೀದಿಗಳಲ್ಲಿ ಈಗ ಹೇರಳವಾಗಿ ಕಾಣುವ ಫಲಕದ ಒಂದು ತುಂಡಿನಲ್ಲಿ ಎತ್ತರಕ್ಕೆ 16, ಅಗಲಕ್ಕೆ 32, ಒಟ್ಟು 512 ದೀಪಗಳಿರುತ್ತವೆ. ನಮಗೆ ಬೇಕಾದ ಹದಿನಾರು ಸಾಲು ಅಲ್ಲಿ ಆಗಲೇ ಇದೆ. ಅದಕ್ಕೆ ತಕ್ಕ ಅಕ್ಷರವನ್ನು ಬಿಡಿಸುವ ಶ್ರದ್ಧೆಯೊಂದೇ ಬೇಕಾದದ್ದು.

ಮತ್ತೆ ರಂಗೋಲಿಗೆ ಬರೋಣ. ತಾವರೆಯನ್ನು ಬಿಡಿಸಹೊರಟವಳು ಚುಕ್ಕಿ ಸಾಲದೆಂದು ತಾವರೆಯ ಎಸಳನ್ನು ಕತ್ತರಿಸುವುದಿಲ್ಲ; ಇನ್ನೆರಡು ಸಾಲು ಚುಕ್ಕಿ ಇಡುತ್ತಾಳೆ. ಹೂವಿನ ಅಳತೆಗೆ ಚುಕ್ಕಿ, ಚುಕ್ಕಿಯ ಅಳತೆಗೆ ಹೂವಲ್ಲ. ಫಲಕಕ್ಕೆ ಕನ್ನಡವನ್ನು ಬರೆಯುವವರು ಇಷ್ಟನ್ನು ನೆನಪಿಟ್ಟುಕೊಂಡರೆ, ಬಂಗಾರಪೇಟೆಯಲ್ಲಿ ಗಾಡಿ ಹತ್ತುವ ಮುದುಕಿ ತಾನು ಹೋಗುವುದು ಮಾರಿಕುಪ್ಪಂಗೆ ಎಂಬುದನ್ನು ಯಾರನ್ನೂ ಕೇಳದೆ ತಾನೇ ಓದಿಕೊಂಡಾಳು.