ಮಹಜರಿನಲ್ಲಿ ಬರೆಯದಿದ್ದರೆ ಇದ್ದದ್ದೂ ಇಲ್ಲ

ನಮ್ಮದು ಮಳೆ ನಂಬಿದ ಕೆಂಪು ನೆಲ. ರಾಗಿ, ಕಡಲೆಕಾಯಿ, ಅಕ್ಕಡಿಯಲ್ಲಿ ಅವರೆ, ತೊಗರಿ. ಇದ್ದದ್ದು 4 ಎಕರೆ. 2019ರಲ್ಲಿ ಏತ ನೀರಾವರಿ ಕಾಲುವೆಗೆ ಅದರಲ್ಲಿ 1 ಎಕರೆ 6 ಗುಂಟೆ ಹೋಯಿತು. ಆ ನೀರು ನಮ್ಮ ಹೊಲಕ್ಕೆ ಬರುವುದಿಲ್ಲ, ಅದು ಬೇರೆ ಮಾತು.

ಜಂಟಿ ಅಳತೆಗೆ ಬಂದ ದಿನ ನಾನು ಕಣದಲ್ಲಿದ್ದೆ. ಹೇಳಿಕಳಿಸಿದರು, ಹೋದೆ. ‘ಯಜಮಾನ್ರೇ, ಇಲ್ಲೊಂದು ರುಜು ಹಾಕಿ’ ಅಂದರು. ಹಾಕಿ ವಾಪಸು ಬಂದೆ. ನಾನೇನು ಓದು ಬಾರದವನಲ್ಲ, ಏಳನೇ ಕ್ಲಾಸು ಪಾಸು. ಮೋಡ ಕಟ್ಟಿತ್ತು, ರಾಗಿ ತೆನೆ ಹೊರಗಿತ್ತು, ಓದುವ ತಾಳ್ಮೆ ಇರಲಿಲ್ಲ.

ಐತೀರ್ಪಿನ ನೋಟೀಸು ಬಂದಾಗ ನೋಡ್ತೀನಿ, ‘ಖುಷ್ಕಿ, ಮರ 3’ ಅಂತಿದೆ. ಇದ್ದದ್ದು ಹುಣಸೆ 2, ಬೇವು 5, ಹೊಂಗೆ 4. ಅಪ್ಪ ತೋಡಿಸಿದ ಕಲ್ಲುಕಟ್ಟಡದ ಬಾವಿಯ ಸುದ್ದಿಯೇ ಇಲ್ಲ. ರಸ್ತೆ ಮಗ್ಗುಲಲ್ಲಿ ತಮ್ಮನ ಹಿಟ್ಟಿನ ಗಿರಣಿ ಇತ್ತು. ಶೀಟಿನ ಮನೆ ಬರೆದಿದ್ದಾರೆ, ಗಿರಣಿ ಬರೆದಿಲ್ಲ. ಕಾಲುವೆಯಾಚೆ ಉಳಿದ 22 ಗುಂಟೆಗೆ ಗಾಡಿ ಹೋಗಲು ದಾರಿಯಿಲ್ಲ. ಅದೂ ಲೆಕ್ಕಕ್ಕೆ ಬಂದಿಲ್ಲ.

ಇವೆಲ್ಲಕ್ಕೂ ಕಾನೂನಿನಲ್ಲಿ ಜಾಗವಿದೆ. 2014ರ ಜನವರಿ 1ರಿಂದ ಜಾರಿಯಲ್ಲಿರುವ 2013ರ ಭೂಸ್ವಾಧೀನ ಕಾಯಿದೆಯಲ್ಲಿ ಮರ, ಬಾವಿ, ಕಟ್ಟಡಕ್ಕೆ ಬೇರೆಯಾಗಿ ಬೆಲೆ ಕಟ್ಟಬೇಕು. ಹೊಲ ತುಂಡಾದ ನಷ್ಟ, ಸಂಪಾದನೆಗೆ ಬಿದ್ದ ಪೆಟ್ಟು, ವ್ಯಾಪಾರದ ಜಾಗ ಬದಲಿಸುವ ಖರ್ಚು ಇವನ್ನೂ ನೋಡಬೇಕು. ಹಳ್ಳಿ ಜಮೀನಿನ ಬೆಲೆಯನ್ನು ಪಟ್ಟಣದಿಂದ ಇರುವ ದೂರ ನೋಡಿ 1ರಿಂದ 2ರವರೆಗೆ ಗುಣಿಸಿ, ಮರ-ಬಾವಿ ಸೇರಿಸಿ, ಬಂದ ಮೊತ್ತದಷ್ಟೇ ಸೊಲೇಷಿಯಂ ಕೊಡಬೇಕು. 1894ರ ಹಳೇ ಕಾಯಿದೆಯಲ್ಲಿ ಕೊನೆಕೊನೆಗೆ ಇದು ನೂರಕ್ಕೆ 30 ಇತ್ತು. ಅಂದರೆ ಬಾವಿ ಬಿಟ್ಟುಹೋದರೆ ಈಗ ಎರಡು ಪಟ್ಟು ನಷ್ಟ.

ಇನ್ನು ಮೂಲ ಬೆಲೆ. ಇಲ್ಲಿ ತಪ್ಪು ನಮ್ಮದೇ. ಸರ್ಕಾರದ ಮಾರ್ಗಸೂಚಿ ಬೆಲೆ ಒಂದು. ಸುತ್ತಿನ ಹಿಂದಿನ 3 ವರ್ಷದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ಆರಿಸಿ ತೆಗೆದ ಸರಾಸರಿ ಇನ್ನೊಂದು. ಯಾವುದು ಹೆಚ್ಚೋ ಅದು. ಆದರೆ ಸ್ಟಾಂಪ್ ಖರ್ಚು ಉಳಿಸಲು ನಮ್ಮೂರವರೆಲ್ಲ ಕ್ರಯಪತ್ರದಲ್ಲಿ ಕಮ್ಮಿ ಬರೆಸಿದವರೇ. ನಾನೂ ಬರೆಸಿದ್ದೇನೆ. ಈಗ ಯಾರನ್ನು ದೂರೋದು?

ಪಕ್ಕದ ಹೊಲದವರು ಸರಪಳಿ ಹಿಂದೆಯೇ ನಡೆದು, ಒಂದೊಂದು ಮರ ಮುಟ್ಟಿ ಬರೆಸಿ, ಮಹಜರಿನ ನಕಲು ಕೇಳಿ ಪಡೆದಿದ್ದರು. ಅವರ ಮರ ಒಂದೂ ಬಿಟ್ಟುಹೋಗಿಲ್ಲ.

ನನಗೆ ಆಮೇಲೆ ವಕೀಲರೊಬ್ಬರು ಹೇಳಿದ್ದು ಇಷ್ಟು. ಹಣ ಬೇಡ ಅನ್ನಬೇಡಿ, ಆದರೆ ‘ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ’ ಎಂದು ಬರೆದೇ ರುಜು ಹಾಕಿ. ಸುಮ್ಮನೆ ತಗೊಂಡರೆ ಹೆಚ್ಚಿನದು ಕೇಳುವ ಹಕ್ಕು ಹೋಗುತ್ತೆ. ಐತೀರ್ಪಿನ ದಿನ ನೀವು ಅಲ್ಲಿದ್ದರೆ ಅಂದಿನಿಂದ, ಇಲ್ಲದಿದ್ದರೆ ನೋಟೀಸು ಕೈಸೇರಿದ ದಿನದಿಂದ, 6 ವಾರದೊಳಗೆ ಭೂಸ್ವಾಧೀನಾಧಿಕಾರಿಗೆ ಲಿಖಿತ ಅರ್ಜಿ ಕೊಡಿ.

ಹಾಗೇ ಮಾಡಿದೆ. ಬಾವಿ ಮುಚ್ಚಿಹೋಗಿತ್ತು. ಮಗಳ ನಿಶ್ಚಿತಾರ್ಥದ ದಿನ ಬಾವಿಕಟ್ಟೆ ಮುಂದೆ ತೆಗೆಸಿದ ಒಂದು ಫೋಟೋ ಸಿಕ್ಕಿತು, ಅದನ್ನೇ ಲಗತ್ತಿಸಿದ್ದೇನೆ. ಕೇಸು ಇನ್ನೂ ನಡೀತಿದೆ.